ಗೂಟದ ಅಂಗಿ

"ಒಂದು ಅಂಗಿ ಹೊಲಿಬೇಕಾಗಿತ್ರೀ ಅಕ್ಕಾರ. ಉದ್ದ ಹದಿನೆಂಟು ಅಡಿ."

ಮಹೇಶ್ವರಿ ಮಷಿನ್ನಿನಿಂದ ತಲೆ ಎತ್ತಲಿಲ್ಲ. ಡಿಸೆಂಬರ್ ತಿಂಗಳು, ಶಾಲೆಗಳ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಹಂಗಾಮು. ಕೋಲಾಟದ ಲಂಗ, ರೈತನ ರುಮಾಲು, ಭಾರತಮಾತೆಯ ಸೀರೆಯ ಅಂಚು ಎಲ್ಲವೂ ಅವಳ ಮುಂದೆ ರಾಶಿ ಬಿದ್ದಿದ್ದವು. ಬೆಳಗ್ಗೆ ಆರಕ್ಕೆ ಕೂತವಳ ಸೊಂಟ ಹನ್ನೊಂದಕ್ಕೇ ಕೈಕೊಟ್ಟಿತ್ತು.

"ಇಂಚಿನಾಗ ಹೇಳ್ರೀ," ಎಂದಳು, ಅಭ್ಯಾಸಬಲದಿಂದ.

"ಎರಡ್ನೂರಾ ಹದಿನಾರು."

ಆಗ ತಲೆ ಎತ್ತಿದಳು.

ಬಾಗಿಲಲ್ಲಿ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಮೂವತ್ತೈದು ಮೂವತ್ತಾರರ ವಯಸ್ಸು, ಹುಬ್ಬಿನವರೆಗೂ ಬೈಕಿನ ಧೂಳು, ಕೈಯಲ್ಲಿ ಒಂದು ಚೀಟಿ. ಮೈಮೇಲಿದ್ದ ರೆಡಿಮೇಡ್ ಅಂಗಿಯ ತೋಳು ಅವನ ಅರ್ಧ ಬೆರಳುಗಳನ್ನು ನುಂಗಿತ್ತು. ಇಂಥ ಅಂಗಿ ಹಾಕಿಕೊಂಡು ಬಂದು ನನಗೆ ಅಳತೆ ಹೇಳುತ್ತಾನಲ್ಲ ಎಂದು ಅವಳಿಗೆ ಉರಿದುಹೋಯಿತು.

"ಇದು ಹೆಣ್ಮಕ್ಕಳ ಟೇಲರಿಂಗ್ ಅಂಗಡಿ. ಗಂಡಸರ ಅಂಗಿ ಹೊಲಿಯಂಗಿಲ್ಲ. ಚ್ಯಾಷ್ಟಿ ಮಾಡೋರ್ದಂತೂ ಮೊದಲ ಇಲ್ಲ."

"ಚ್ಯಾಷ್ಟಿ ಅಲ್ರೀ. ನಾಟಕ," ಎಂದ ಅವನು.

ಮೂಲೆಯಲ್ಲಿ ಕೂತು ಜಂಪರಿಗೆ ಹುಕ್ಕು ಹಚ್ಚುತ್ತಿದ್ದ ಮೆಹಬೂಬ್‌ಬೀ ಕಿಸಕ್ಕನೆ ನಕ್ಕಳು. ಮಹೇಶ್ವರಿಯ ಜೊತೆ ಆರು ವರ್ಷದಿಂದ ಕೈಹೊಲಿಗೆ ಮಾಡುವ, ಪಕ್ಕದ ಮನೆಯ ಹಿರಿಯಳು. ನಗುವುದಕ್ಕೆ ಅವಳಿಗೆ ಕಾರಣ ಬೇಕಾಗಿರಲಿಲ್ಲ.

ಬಂದವನ ಹೆಸರು ಲಾಲಪ್ಪ. ಪ್ರೇಮಕಥೆಯ ನಾಯಕನಿಗೆ ಲಾಲಪ್ಪ ಎಂಬ ಹೆಸರೇ ಎಂದು ನೀವು ಮೂಗು ಮುರಿಯಬಹುದು. ಏನು ಮಾಡಲಿ, ಅವನು ತಾಯಿ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತ ಮಗ. ನಾಯಕರಿಗೆ ಚಂದದ ಹೆಸರು ಹುಡುಕಿ ಹುಡುಕಿ ನನಗೂ ದಣಿವಾಗಿದೆ. ಇವನು ಲಾಲಪ್ಪನಾಗಿಯೇ ಇರಲಿ.

ಸಂತೆಕಲ್ಲೂರಿನ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಅವನು ಶಾಲಾ ಮಾಸ್ತರ. ಚಿಕ್ಕವನಿದ್ದಾಗ ಇಲಿ ತಿಂದ ಒಂದು ಪರದೇಶದ ಪುಸ್ತಕ ಅವನ ಕೈಗೆ ಸಿಕ್ಕಿತ್ತಂತೆ. ಒಬ್ಬ ಮನುಷ್ಯ ಹಡಗು ಹತ್ತಿ ಇಲ್ಲದ ನಾಡುಗಳಿಗೆ ಹೋಗುತ್ತಾನೆ. ಅಲ್ಲಿಯ ವಿಚಿತ್ರ ಜನರನ್ನು ನೋಡಿ ನಗುತ್ತ ನಗುತ್ತ ಓದುಗನಿಗೆ ಕೊನೆಗೆ ತನ್ನ ಊರೇ ಕಾಣಿಸುತ್ತದೆ. ಆ ರುಚಿ ಹತ್ತಿ, ಈಗ ತನ್ನ ಮಕ್ಕಳಿಗಾಗಿ ಅಂಥದ್ದೇ ಒಂದು ನಾಟಕ ಬರೆದಿದ್ದ. ಇಲ್ಲಿ ಹಡಗಿಲ್ಲ, ಕಾಲುವೆ ಇದೆ. ತಿಪ್ಪಣ್ಣ ಎಂಬವನು ತೆಪ್ಪದಲ್ಲಿ ಮಲಗಿ ನಿದ್ದೆಹೋಗಿ ತೇಲುತ್ತ ತೇಲುತ್ತ ಯಾವ ನಕ್ಷೆಯಲ್ಲೂ ಇಲ್ಲದ ಮೂರು ಊರುಗಳನ್ನು ಮುಟ್ಟುತ್ತಾನೆ. ಮೂರನೇ ಊರಿಗೆ ಒಂದು ದೈತ್ಯನ ಅಂಗಿ ಬೇಕು.

ಬಟ್ಟೆ ಎಲ್ಲಿದೆ ಎಂದು ಮಹೇಶ್ವರಿ ಕೇಳಿದಳು. ಸಿಂಧನೂರಿನ ಅಕ್ಕಿ ಗಿರಣಿಯೊಂದರವರು ಅಚ್ಚು ತಪ್ಪಿದ ಖಾಲಿ ಚೀಲಗಳನ್ನು ಶಾಲೆಗೆ ಕೊಟ್ಟಿದ್ದಾರೆ ಎಂದು ಅವನು ಬೈಕಿನಿಂದ ಒಂದು ಕಟ್ಟು ಇಳಿಸಿದ. ಪ್ರತಿ ಚೀಲದ ಮೇಲೂ ಒಂದು ಹಸಿರು ಗಿಣಿ. ಕೆಂಪು ಕೊಕ್ಕು ಮಾತ್ರ ಬಾಲದ ಹತ್ತಿರ ಅಚ್ಚಾಗಿತ್ತು.

ಮಹೇಶ್ವರಿ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಮುಖ ನೋಡಿ ದನಿ ತಗ್ಗಿಸಿದ.

"ನಿಮಗ ಭಾಳ ದಣಿವಾಗೇತಿ. ಬ್ಯಾಡ ಅಂದ್ರ ಬ್ಯಾಡ್ರೀ. ಬ್ಯಾರೆ ಏನರ ಮಾಡ್ತೀನಿ."

ದಣಿವು… ಆ ಮಾತನ್ನು ಯಾರಾದರೂ ಅವಳಿಗೆ ಹೇಳಿ ಎಷ್ಟು ವರ್ಷವಾಗಿತ್ತೋ. ಎಲ್ಲರೂ ಕೇಳುವುದು ಒಂದೇ, ಯಾವಾಗ ಕೊಡುತ್ತೀರಿ. ಅವಳು ಎಲ್ಲರಿಗೂ ಕೊಡುವ ಉತ್ತರವೂ ಒಂದೇ, ಆಯ್ತವಾರ ಬರ್ರೀ. ಯಾವ ಭಾನುವಾರವೂ ಬಟ್ಟೆ ಮುಗಿದಿರುತ್ತಿರಲಿಲ್ಲ.

ಅವಳು ಚೀಲದ ಕಟ್ಟನ್ನು ಒಳಗೆ ಎಳೆದುಕೊಂಡಳು.

ಅವನೂ ಹಿಂದೆಯೇ ಒಳಗೆ ಕಾಲಿಟ್ಟವನು ಗೋಡೆ ನೋಡಿ ಅಲ್ಲಿಯೇ ನಿಂತ. ಗೂಟಕ್ಕೆ ಒಂದು ಗಂಡಸಿನ ಅಂಗಿ ತೂಗುತ್ತಿತ್ತು. ನೀಲಿ ಚೌಕಡಿಯದು, ಒಗೆದು ಇಸ್ತ್ರಿ ಮಾಡಿದ್ದು. ಲಾಲಪ್ಪ ಮೆಲ್ಲಗೆ ಹಿಂದೆ ಸರಿದು ಹೊರಗಿನ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತ. ನಿಮ್ಮ ಮನೆಯವರನ್ನು ಒಂದು ಮಾತು ಕೇಳಬೇಕೇನೋ ಎಂದು ಅಲ್ಲಿಂದಲೇ ಹೇಳಿದ.

"ಹೊರಗ ಹೋಗ್ಯಾರ. ಬರ್ತಾರ," ಎಂದಳು ಮಹೇಶ್ವರಿ.

ಆರು ವರ್ಷದಿಂದ ಅವಳು ಹೇಳುತ್ತಿದ್ದ ಮಾತು ಅದು.

ನಿಮಗೆ ಮಾತ್ರ ಸತ್ಯ ಹೇಳಿಬಿಡುತ್ತೇನೆ. ಆ ಅಂಗಿಯ ಒಡೆಯ ದುರುಗೇಶ ಊರೂರು ತಿರುಗುವ ಚಟದವನು. ಮದುವೆಯಾದ ವರ್ಷವೇ ಗೋವಾಕ್ಕೆ ಹೋದ, ಬಂದ. ಪುಣೆಗೆ ಹೋದ, ಬಂದ. ಮುಂಬಯಿಗೆ ಹೋಗಿ ಬಂದವನು ಒಂದು ತಿಂಗಳು ಮನೆಯಲ್ಲಿ ಕೂತು ಅಲ್ಲಿಯ ಬಣ್ಣದ ಕಥೆಗಳನ್ನೇ ಹೇಳಿದ. ನಾಲ್ಕನೇ ಸಲ ಎಲ್ಲಿಗೆ ಎಂದು ಹೇಳದೆ ಹೋದ, ತಿರುಗಿ ಬರಲಿಲ್ಲ. ಅದಾಗಿ ಒಂಬತ್ತು ವರ್ಷ. ಮೂರು ವರ್ಷ ದಾರಿ ಕಾದು, ಮಹೇಶ್ವರಿ ಮಷಿನ್ನನ್ನು ಟಂಟಂ ಆಟೋ ಮೇಲೆ ಹೇರಿಕೊಂಡು ಯಾರೂ ಗುರುತಿಲ್ಲದ ಮಸ್ಕಿಗೆ ಬಂದಳು. ಎರಡು ವರ್ಷದ ಹಿಂದೆ ಲಿಂಗಸುಗೂರಿನ ಕೋರ್ಟಿನಲ್ಲಿ ಮದುವೆಯೂ ಕಡಿಯಿತು.

ಕಾಗದದಲ್ಲಿ ಕಡಿದದ್ದು ಗೂಟದ ಮೇಲೆ ಉಳಿದಿತ್ತು. ಒಂಟಿ ಹೆಂಗಸಿಗೆ ಅಂಗಡಿ ಬಾಡಿಗೆಗೆ ಕೊಡುವವರು ಹತ್ತು ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಗಂಡ ಲಾರಿ ಡ್ರೈವರ್ ಎಂದಿದ್ದಳು. ಗೂಟದಲ್ಲಿ ಒಂದು ಗಂಡಸಿನ ಅಂಗಿ ಇದ್ದರೆ ಬಾಗಿಲಲ್ಲಿ ನಿಂತವರ ಕಣ್ಣು ತಾನಾಗಿಯೇ ಕೆಳಗಿಳಿಯುತ್ತದೆ. ಧೂಳು ಕೂತರೆ ಗುಟ್ಟು ಬಯಲಾಗುತ್ತದೆಂದು ಪ್ರತಿ ಸೋಮವಾರ ಅದನ್ನು ಒಗೆದು, ಎಲ್ಲರಿಗೂ ಕಾಣುವಂತೆ ಅಂಗಡಿಯ ಮುಂದಿನ ತಂತಿಗೆ ಹಾಕುತ್ತಿದ್ದಳು. ಯಾರ ಬೆವರೂ ಹತ್ತದ ಅಂಗಿಯನ್ನು ಒಗೆಯುವಾಗ ಅವಳ ಕೈ ಬೇರೆ ಬಟ್ಟೆಗಿಂತ ಹೆಚ್ಚು ಸೋಲುತ್ತಿತ್ತು.

ಈ ಸಂಗತಿ ಗೊತ್ತಿದ್ದದ್ದು ಮೆಹಬೂಬ್‌ಬೀಗೆ ಒಬ್ಬಳಿಗೇ.

*

ದೈತ್ಯನ ಅಂಗಿ ಸುಲಭಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ದಪ್ಪ ಸೂಜಿ ಹಾಕಿದರೂ ಪ್ಲಾಸ್ಟಿಕ್ ಚೀಲಕ್ಕೆ ಅದು ಪಟಪಟನೆ ಮುರಿಯುತ್ತಿತ್ತು. ಒಂದು ತೋಳು ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದೆ, ಮಹೇಶ್ವರಿ ಮತ್ತು ಮೆಹಬೂಬ್‌ಬೀ ಅದೇ ತೋಳಿನೊಳಗೆ ಕೂತು ಊಟ ಮಾಡಿದರು.

ಲಾಲಪ್ಪ ವಾರಕ್ಕೆರಡು ಸಲ ಬರುತ್ತಿದ್ದ. ಪ್ರತಿ ಸಲವೂ ಮೆಟ್ಟಿಲ ಮೇಲೆಯೇ ಕೂರುತ್ತಿದ್ದ. ಒಳಗೆ ಸ್ಟೂಲ್ ಇದೆ ಎಂದರೂ ಬರುತ್ತಿರಲಿಲ್ಲ, ಚಹಾ ಕೊಟ್ಟರೂ ಈಗಷ್ಟೇ ಆಯಿತು ಎನ್ನುತ್ತಿದ್ದ. ಮಾಸ್ತರನಿಗೆ ಸೊಕ್ಕು ಎಂದುಕೊಂಡಳು ಮಹೇಶ್ವರಿ. ಆದರೆ ಬೈಕಿನ ಸದ್ದು ಕೇಳಿದರೆ ಅವಳ ಕಾಲು ಪೆಡಲಿನ ಮೇಲೆ ತಾನಾಗಿಯೇ ನಿಲ್ಲುತ್ತಿತ್ತು.

ಬಂದಾಗಲೆಲ್ಲ ಒಂದೊಂದು ಊರಿನ ಬಟ್ಟೆಯ ಲೆಕ್ಕ, ಜೊತೆಗೆ ಆ ಊರಿನ ಕಥೆ. ಮೊದಲನೇ ಊರಿನಲ್ಲಿ ಎಲ್ಲರಿಗೂ ಬಾಯಿ ಇದೆ, ಕಿವಿ ಇಲ್ಲ. ಹೊಗಳಿಕೆ ಕೇಳಬೇಕೆನಿಸಿದಾಗ ಮಾತ್ರ ಕಿವಿಯನ್ನು ತಾಸಿನ ಮೇಲೆ ಬಾಡಿಗೆಗೆ ತರುತ್ತಾರೆ. ಅದಕ್ಕೆ ಕಿವಿ ಮುಚ್ಚುವ ಹನ್ನೆರಡು ಟೊಪ್ಪಿಗೆ ಬೇಕು. ಎರಡನೇ ಊರಿನಲ್ಲಿ ದಿನಾ ಬೆಳಗ್ಗೆ ಎಲ್ಲರ ಎತ್ತರ ಅಳೆದು ಇಂಚಿನ ಮೇಲೆ ರೊಟ್ಟಿ ಹಂಚುತ್ತಾರೆ. ಬಾಗಿ ಕಳೆ ಕೀಳುವವರಿಗೆ ಚೂರು ರೊಟ್ಟಿ, ನೆಟ್ಟಗೆ ನಿಂತು ಅವರನ್ನು ನೋಡುವವರಿಗೆ ಹೆಡಿಗೆ ತುಂಬ ರೊಟ್ಟಿ. ಅದಕ್ಕೆ ಮೊಳ ಮೊಳ ಎತ್ತರದ ರುಮಾಲುಗಳು ಬೇಕು.

ಎರಡನೇ ಊರಿನ ಕಥೆಗೆ ಮಹೇಶ್ವರಿ ನಕ್ಕುಬಿಟ್ಟಳು. ಬಾಗಿ ಬಾಗಿ ಸೋತ ಅವಳ ಬೆನ್ನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಮೆಹಬೂಬ್‌ಬೀ ಸೂಜಿ ನಿಲ್ಲಿಸಿ ಅವಳನ್ನೇ ನೋಡಿದಳು. ಆರು ವರ್ಷದಲ್ಲಿ ಆ ನಗುವಿನ ಸದ್ದು ಹೇಗಿರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಮಹೇಶ್ವರಿ ಕೇಳಿಯೇಬಿಟ್ಟಳು.

"ನಿಮ್ಮ ತಿಪ್ಪಣ್ಣ ಊರೂರು ನೋಡ್ಕೋತ ತೇಲಾಕತ್ತಾನ. ಮನ್ಯಾಗ ಅವನ ಹೇಂತಿ ಏನ್ ಮಾಡಾಕತ್ತಾಳ್ರೀ?"

ಲಾಲಪ್ಪ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡ.

"ಇದನ್ನ ನಾ ವಿಚಾರನ ಮಾಡಿಲ್ಲ ನೋಡ್ರೀ," ಎಂದ. ಹೇಳಿದ ರೀತಿಯಲ್ಲಿ ನಿಜವಾಗಿಯೂ ನಾಚಿಕೆ ಇತ್ತು.

ಅವತ್ತು ಅವನು ಹೋದ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಕೆಲವು ದಿನಗಳಿಂದ ಅವನು ಅವಳನ್ನು ಅಕ್ಕಾರ ಎನ್ನುವುದನ್ನು ಬಿಟ್ಟಿದ್ದ. ಬರೀ ರೀ ಎನ್ನುತ್ತಿದ್ದ. ಇಡೀ ಮಸ್ಕಿಗೆ ಅಕ್ಕಾರ ಆದವಳು ಇವನಿಗೆ ಯಾಕೆ ಅಲ್ಲ…? ಛೆ, ಏನೇನೋ ಯೋಚಿಸುತ್ತಿದ್ದೇನೆ ಎಂದು ದಾರ ಪೋಣಿಸಲು ಹೋದವಳಿಗೆ ಸೂಜಿಯ ಕಣ್ಣು ಸಿಗಲೇ ಇಲ್ಲ.

ಅಂಗಿ ಮುಗಿಯುವ ದಿನ ಮೆಹಬೂಬ್‌ಬೀ ಸುಮ್ಮನಿರಲಾರದೆ, ಮಾಸ್ತರ್ರು ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಬಾಗಿಲಿಂದಲೇ ಕೇಳಿದಳು. ಮೊದಲು ತಂಗಿಯರ ಮದುವೆ, ಆಮೇಲೆ ತಂದೆಯ ಕಾಯಿಲೆ, ಹೀಗೇ ವರ್ಷ ಕಳೆದವು ಎಂದ ಅವನು. ಹಟ್ಟಿಯಲ್ಲಿ ಅಕ್ಕ ಇದ್ದಾಳೆ, ಭಾವ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಅವರು ಅಲ್ಲಿಯೇ ಒಂದು ಹೆಣ್ಣು ನೋಡಿದ್ದಾರೆ, ಗ್ಯಾದರಿಂಗ್ ಮುಗಿದ ಮೇಲಿನ ಆಯ್ತವಾರ ನೋಡಲು ಹೋಗುವವನಿದ್ದೇನೆ ಎಂದು ಹೇಳಿ, ಯಾಕೋ ಬಿಸಿಲು ನೋಡಿದ.

"ಚಲೋ ಆತು ಬಿಡ್ರೀ," ಎಂದಳು ಮಹೇಶ್ವರಿ. ಸೂಜಿ ಹೆಬ್ಬೆರಳಿಗೆ ಚುಚ್ಚಿ ಗಿಣಿಯ ಮೇಲೆ ಒಂದು ಹನಿ ರಕ್ತ ಬಿದ್ದಿತ್ತು.

ಹೋಗುವಾಗ ಅವನು ನಾಟಕಕ್ಕೆ ಬರಲೇಬೇಕೆಂದು ಕರೆದ. ಮೂರನೇ ಊರಿನ ಕಥೆ ಈಗ ಹೇಳುವುದಿಲ್ಲ, ನೋಡಲು ಬನ್ನಿ ಎಂದ. ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಸೇರಿಸಿದ. ಗೂಟದ ಕಡೆ ನೋಡದೆ ಹೇಳಿದ.

*

ಗ್ಯಾದರಿಂಗ್ ಮಂಗಳವಾರ ಮಧ್ಯಾಹ್ನ ಇತ್ತು. ಮೆಹಬೂಬ್‌ಬೀಗೆ ಮೊಣಕಾಲು ನೋವು. ಮಹೇಶ್ವರಿ ಒಬ್ಬಳೇ ಟಂಟಂ ಹತ್ತಿದಳು. ಹೋಗುವುದು ಬೇಡ ಎನಿಸಿತ್ತು. ಅವನು ಬೇರೆಯವಳ ಪಾಲಾಗುವ ಮೊದಲು ಒಮ್ಮೆ ನೋಡಿಬಿಡೋಣ ಎಂದೂ ಅನಿಸಿತ್ತು. ಇಷ್ಟು ದಣಿದ ಮೇಲೂ ಮನಸ್ಸಿಗೆ ಆಸೆ ಯಾಕೆ ಹುಟ್ಟಬೇಕು ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಶಾಲೆಯ ಬಯಲಿನಲ್ಲಿ ಊರೇ ನೆರೆದಿತ್ತು. ಕಿವಿಯ ಊರಿಗೆ ಜನ ನಕ್ಕರು. ರೊಟ್ಟಿಯ ಊರಿಗೆ ಹೆಂಗಸರು ಇನ್ನೂ ಹೆಚ್ಚು ನಕ್ಕರು. ಆಮೇಲೆ ಎರಡು ಉದ್ದನೆಯ ಬಿದಿರುಗಳ ಮೇಲೆ ಗಿಣಿಗಳ ಅಂಗಿ ಮೇಲೆದ್ದಿತು. ಗಾಳಿಗೆ ತುಂಬಿಕೊಂಡ ಆ ದೊಡ್ಡ ಎದೆ, ಆ ತೋಳುಗಳು… ತನ್ನ ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ ಎಂದು ಮಹೇಶ್ವರಿಗೆ ಹೆಮ್ಮೆಯಾಯಿತು.

ಅಂಗಿಯೊಳಗೆ ಯಾರೂ ಇರಲಿಲ್ಲ.

ದೈತ್ಯ ಎಲ್ಲಿ ಎಂದು ತಿಪ್ಪಣ್ಣ ಕೇಳಿದ. ಮಕ್ಕಳೆಲ್ಲ ಒಂದೇ ಸ್ವರದಲ್ಲಿ, "ಹೊರಗ ಹೋಗ್ಯಾರ, ಬರ್ತಾರ," ಎಂದರು.

ಮಹೇಶ್ವರಿ ಸೆರಗನ್ನು ಮೈತುಂಬ ಎಳೆದುಕೊಂಡಳು.

ಎಷ್ಟು ವರ್ಷವಾಯಿತು ಹೋಗಿ ಎಂದು ತಿಪ್ಪಣ್ಣ ಕೇಳಿದ. ನಾಲ್ವರು ಬಂದು ಅಂಗಿಯ ಧೂಳು ಝಾಡಿಸಿದರು. ಇಬ್ಬರು ಅಡ್ಡಬಿದ್ದರು. ಬಿದಿರು ಹಿಡಿದು ಸೋತವರ ಜಾಗಕ್ಕೆ ಬೇರೆಯವರು ಬಂದು ನಿಂತರು. ಆ ಊರಿನವರ ಬದುಕೆಲ್ಲ ಖಾಲಿ ಅಂಗಿಯನ್ನು ಎತ್ತಿ ಹಿಡಿಯುವುದರಲ್ಲೇ ಮುಗಿಯುತ್ತಿತ್ತು. ತಿಪ್ಪಣ್ಣ ಏನು ಕೇಳಿದರೂ ಅದೇ ಉತ್ತರ. "ಹೊರಗ ಹೋಗ್ಯಾರ, ಬರ್ತಾರ." ಪ್ರತಿ ಸಲವೂ ಬಯಲು ತುಂಬ ನಗು ಏಳುತ್ತಿತ್ತು.

ಅವಳ ಮಾತು, ಅವಳದೇ ಅಂಗಿ! ಆರು ವರ್ಷ ಅವಳು ಹಲ್ಲು ಕಚ್ಚಿ ಕಾಪಾಡಿದ ಗುಟ್ಟನ್ನು ಅವಳ ಕೈಯಿಂದಲೇ ಹೊಲಿಸಿ, ಬಿದಿರಿಗೇರಿಸಿ, ಊರಿಗೆಲ್ಲ ತೋರಿಸಿ ನಗಿಸುತ್ತಿದ್ದಾನೆ. ಮೆಟ್ಟಿಲ ಮೇಲೆ ಕೂತು ಇದನ್ನೇ ನೋಡಿಕೊಂಡು ಹೋಗುತ್ತಿದ್ದನೇ?

ಪಕ್ಕದಲ್ಲಿದ್ದ ಹೆಂಗಸು ನಗುತ್ತ ಅವಳ ತೊಡೆ ತಟ್ಟಿದಳು. ಮಹೇಶ್ವರಿ ಎದ್ದಳು. ಜನರ ಕಾಲುಗಳನ್ನು ದಾಟುತ್ತ ಹೊರಗೆ ಬಂದಳು. ಟಂಟಂ ಸಿಗುವವರೆಗೂ ಜೋಳದ ಹೊಲಗಳ ನಡುವೆ ನಡೆದಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ತ್ರಾಣ ಬೇಕಾಗುತ್ತದೆ, ಅದು ಅವಳಲ್ಲಿ ಉಳಿದಿರಲಿಲ್ಲ.

*

ಮರುದಿನ ಲಾಲಪ್ಪನ ಫೋನು ನಾಲ್ಕು ಸಲ ಬಂತು. ಅವಳು ಎತ್ತಲಿಲ್ಲ. ಗುರುವಾರ ಎರಡು ಸಲ ಬಂತು. ಶುಕ್ರವಾರ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಮಷಿನ್ನು ನಿಲ್ಲಿಸಿ ಗೂಟದ ಅಂಗಿಯನ್ನು ನೋಡುತ್ತ ಕೂತಳು. ಸಿಟ್ಟು ತಣ್ಣಗಾಗಿ ಅದರ ಕೆಳಗೆ ಬೇರೆ ಏನೋ ಇತ್ತು. ನಾಟಕದ ಮಕ್ಕಳು ಕೈ ಸೋತು ಬಿದಿರು ಬದಲಿಸಿಕೊಂಡದ್ದು ಕಣ್ಣ ಮುಂದೆ ಬರುತ್ತಿತ್ತು. ಅವರಿಗೆ ಬದಲಿಗೆ ಇನ್ನೊಬ್ಬರಿದ್ದರು. ಅವಳು ಒಬ್ಬಳೇ ಹಿಡಿದಿದ್ದಳು.

ಎದ್ದು ಅಂಗಿ ಕೆಳಗಿಳಿಸಿದಳು. ದೊಡ್ಡ ಕತ್ತರಿ ತೆಗೆದುಕೊಂಡು ಮೊದಲು ಕಾಲರ್ ಬಿಡಿಸಿದಳು, ಆಮೇಲೆ ತೋಳು, ಆಮೇಲೆ ಬೆನ್ನು. ಚೌಕ ಚೌಕವಾಗಿ ಕತ್ತರಿಸಿ ಕೌದಿ ಹೊದಿಕೆಗೆಂದು ಕೂಡಿಟ್ಟ ತುಂಡುಗಳ ಬುಟ್ಟಿಗೆ ಹಾಕಿದಳು.

ಮೆಹಬೂಬ್‌ಬೀ ಬಾಯಿ ಬಿಟ್ಟು ನೋಡುತ್ತಿದ್ದಳು.

"ಇನ್ನ ಯಾರರ ಕೇಳಿದ್ರ ಏನ್ ಹೇಳ್ತೀ ಮಗಳ?"

"ಖರೇ ಹೇಳ್ತೀನಿ ಖಾಲಮ್ಮ. ಸಾಕಾಗೇತಿ."

ಕೇಳುವವರು ಬಹಳ ತಡಮಾಡಲಿಲ್ಲ. ಸಂಜೆ ಬಾಡಿಗೆಗೆ ಬಂದ ಅಂಗಡಿಯ ಮಾಲೀಕ ಬಾಲಪ್ಪ ಖಾಲಿ ಗೂಟ ನೋಡಿ, ಮನೆಯವರು ಲಾರಿ ಮೇಲೆ ಹೋಗಿದ್ದಾರೇನು ಎಂದು ಕೇಳಿದ. ಮಹೇಶ್ವರಿ ಅವನ ಮುಖ ನೋಡಿಯೇ, ಹೋಗಿ ಒಂಬತ್ತು ವರ್ಷವಾಯಿತು, ಕೋರ್ಟಿನಲ್ಲಿ ಕಡಿದು ಎರಡು ವರ್ಷವಾಯಿತು ಎಂದಳು. ಬಾಲಪ್ಪ ತಲೆ ಕೆರೆದುಕೊಂಡ. ಹಾಗಾದರೆ ಬಾಗಿಲಿಗೆ ಒಂದು ಗಟ್ಟಿ ಚಿಲಕ ಹಾಕಿಸಿಕೊಡುತ್ತೇನೆ ಎಂದು ಹೇಳಿ ಹೊರಟುಹೋದ. ಇಷ್ಟೇ ಮಾತಿಗೆ ಆರು ವರ್ಷ ಹೆದರಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಕನಿಕರವಾಯಿತು.

*

ಶನಿವಾರ ಮಧ್ಯಾಹ್ನ ಬೈಕಿನ ಸದ್ದಾಯಿತು.

ಲಾಲಪ್ಪ ಹಿಂದಿನ ಸೀಟಿಗೆ ಗಿಣಿಗಳ ಅಂಗಿಯನ್ನು ಸುತ್ತಿ ಕಟ್ಟಿಕೊಂಡು ಬಂದಿದ್ದ. ಶಾಲೆಯಲ್ಲಿ ಇಡಲು ಜಾಗವಿಲ್ಲ, ನಿಮ್ಮ ಕೆಲಸ, ನಿಮಗೇ ಕೊಡೋಣವೆಂದು ತಂದೆ ಎಂದ. ಎಂದಿನಂತೆ ಮೆಟ್ಟಿಲ ಮೇಲೆ ಕೂರಲು ಹೋದವನ ಕಣ್ಣು ತಂತಿಯ ಕಡೆ ಹೋಯಿತು, ಅಲ್ಲಿಂದ ಗೂಟಕ್ಕೆ. ಅವನ ಮುಖ ಬಿಳಚಿಕೊಂಡಿತು.

"ಮನಿಯವ್ರು… ಆರಾಮ ಅದಾರಲ್ರೀ?"

ಅವನ ದನಿಯಲ್ಲಿ ನಿಜವಾದ ಗಾಬರಿ ಇತ್ತು. ಮಹೇಶ್ವರಿಗೆ ಅದು ಅರ್ಥವಾಗಲಿಲ್ಲ.

"ಗೊತ್ತಿದ್ದೂ ಯಾಕ ಕೇಳ್ತೀರಿ ಸರ? ನಾಟಕ ಮಾಡಿ ನಗಿಸಿದ್ದು ಸಾಲಲಿಲ್ಲೇನು?"

"ಏನ್ ಗೊತ್ತಿದ್ದು?"

ಮೆಹಬೂಬ್‌ಬೀ ಎದ್ದಳು. ಮೊಣಕಾಲು ನೋವಿದ್ದರೂ, ಈಗಲೇ ದಾರದ ಉಂಡೆ ತರಬೇಕೆಂದು ಬಜಾರಿಗೆ ಹೊರಟಳು. ಡಬ್ಬಿ ತುಂಬ ದಾರ ಇತ್ತು.

ಮಹೇಶ್ವರಿ ಹೇಳಿದಳು. ದುರುಗೇಶ ಹೋದದ್ದು, ಅಂಗಿ ಒಗೆದು ತಂತಿಗೆ ಹಾಕುತ್ತಿದ್ದದ್ದು, ನಾಟಕದಲ್ಲಿ ತನ್ನ ಮಾತು ಕೇಳಿ ನೆಲ ಬಿರಿಯಬಾರದೇ ಎನಿಸಿದ್ದು. ಒಂದನ್ನೂ ಬಿಡಲಿಲ್ಲ. ಲಾಲಪ್ಪ ನಿಂತೇ ಕೇಳಿದ.

"ಅದು ಆಫೀಸಿನ ಕೋಟ್ರೀ," ಎಂದ ಕೊನೆಗೆ. "ಅಪ್ಪ ತೀರಿದ ಮ್ಯಾಲ ಅವನ ಕಾಗದಕ್ಕ ಒಂದು ಆಫೀಸಿಗೆ ಎರಡು ವರ್ಷ ಅಲೆದೀನಿ. ಹೋದಾಗೊಮ್ಮೆ ಕುರ್ಚಿ ಮ್ಯಾಲ ಒಂದು ಕೋಟು. ಸಾಹೇಬ್ರು ಎಲ್ಲಿ ಅಂದ್ರ ಹೊರಗ ಹೋಗ್ಯಾರ, ಬರ್ತಾರ. ಜವಾನ ದಿನಾ ಆ ಕೋಟು ಝಾಡಿಸಿ ಇಡ್ತಿದ್ದ. ಆ ಸಿಟ್ಟಿಗೆ ಬರದ ಸೀನು ಅದು."

"ನಾನೂ ಅದ ಮಾತು ಅಂತಿದ್ನಲ್ಲ…"

"ಅಂತಿದ್ರಿ. ಆದ್ರ ನಿಮ್ಮದು ಖರೇ ಅಂತ ನಂಬಿದ್ದೆ. ಒಂದು ದಿನಾನೂ ಸಂಶೆ ಬರಲಿಲ್ಲ. ಅದಕ್ಕ ಒಳಗ ಕಾಲಿಟ್ಟ ಇಲ್ಲ."

ಅವನು ತಲೆ ತಗ್ಗಿಸಿದ. ಆಮೇಲಿನ ಮಾತು ಬಹಳ ಮೆಲ್ಲಗೆ ಬಂತು.

"ಅಕ್ಕಾರ ಅನ್ನಾಕ ಬಾಯಿ ಬರದಂಗ ಆತು. ಗಂಡ ಇರೋ ಹೆಣ್ಮಗಳ ಮ್ಯಾಲ ಹಿಂಗ ಮನಸ್ಸು ಹೋಗೂದು ತಪ್ಪು ಅಂತ ಗೊತ್ತಿತ್ತು. ಆ ಹೆದರಿಕಿಗೇ ಹಟ್ಟಿ ಹೆಣ್ಣಿಗೆ ಹೂಂ ಅಂದೆ."

ರಸ್ತೆಯಲ್ಲಿ ಸಿಂಧನೂರಿನ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತ ಆ ಆರು ವಾರಗಳು, ಬೇಡವೆಂದ ಚಹಾ, ಎಲ್ಲವೂ ಮಹೇಶ್ವರಿಯ ಮನಸ್ಸಿನಲ್ಲಿ ಒಂದೊಂದಾಗಿ ತಿರುಗಿ ಬಿದ್ದವು. ಇವನದು ಸೊಕ್ಕು ಎಂದಿದ್ದೆನಲ್ಲ… ಯಾರೂ ಇಲ್ಲದ ಅಂಗಿಗೆ ಇಷ್ಟು ಮರ್ಯಾದೆ ಕೊಟ್ಟವನು ಇವನೊಬ್ಬನೇ.

"ನೀವು ಕಡೀ ಸೀನು ನೋಡಲಿಲ್ಲ," ಎಂದ ಲಾಲಪ್ಪ. "ನೀವು ಕೇಳಿದ್ರಲ್ಲ, ಹೇಂತಿ ಏನ್ ಮಾಡಾಕತ್ತಾಳ ಅಂತ. ಅದನ್ನ ಬರದಿದ್ದೆ. ನಿಮಗ ತೋರಸಾಕಂತನ ಕರದಿದ್ದೆ."

ಅವನು ಹೇಳಿದ. ತಿಪ್ಪಣ್ಣ ಮೂರೂ ಊರು ಮುಗಿಸಿ ಮನೆಗೆ ಬರುತ್ತಾನೆ. ಹೆಂಡತಿ ಅಂಗಳದಲ್ಲಿ ಕೂತು ತನ್ನ ಪಾಡಿಗೆ ಜೋಳ ಹಸನು ಮಾಡುತ್ತಿರುತ್ತಾಳೆ. ನಾನು ನಿನ್ನ ಗಂಡ, ಬಾಗಿಲು ತೆಗೆ ಎನ್ನುತ್ತಾನೆ. ಅವಳು ಮೊರದಿಂದ ತಲೆ ಎತ್ತುವುದಿಲ್ಲ. ಹೊರಗ ಹೋಗ್ಯಾರ, ಬರ್ತಾರ ಎನ್ನುತ್ತಾಳೆ. ಅಲ್ಲಿಗೆ ನಾಟಕ ಮುಗಿಯುತ್ತದೆ. ಊರಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಲಾಲಪ್ಪ ಜನರ ನಡುವೆ ಒಬ್ಬಳ ಮುಖವನ್ನೇ ಹುಡುಕಿದನಂತೆ.

ಈಗ ಮಹೇಶ್ವರಿಗೆ ಅಳು ಬಂತು. ಸದ್ದಿಲ್ಲದೆ ಬಂತು, ಬಹಳ ಹೊತ್ತು ಬಂತು. ಒಂಬತ್ತು ವರ್ಷ ಅವಳು ಏನು ಮಾಡುತ್ತಿದ್ದಳು ಎಂದು ಒಬ್ಬ ಮನುಷ್ಯ ಕೂತು ಯೋಚಿಸಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು. ಲಾಲಪ್ಪ ಹತ್ತಿರ ಬರಲೂ ಇಲ್ಲ, ದೂರ ಹೋಗಲೂ ಇಲ್ಲ. ಬೈಕಿನಿಂದ ಗಿಣಿಗಳ ಅಂಗಿ ಬಿಚ್ಚಿ, ಅದರ ಒಂದು ತೋಳನ್ನು ತಂತಿಯ ಮೇಲಿಂದ ಎಳೆದು, ಅವಳು ಅಳುವುದು ರಸ್ತೆಗೆ ಕಾಣದಂತೆ ಮರೆ ಮಾಡಿ ನಿಂತ. ಬೆಂದ ಮೆಟ್ಟಿಲ ಮೇಲೆ ಮೊದಲ ಸಲ ನೆರಳು ಬಿತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮಷಿನ್ನಿನ ಮೇಲಿದ್ದ ಟೇಪು ಕೈಗೆ ತೆಗೆದುಕೊಂಡಳು.

"ಒಳಗ ಬರ್ರೀ ಸರ. ಅಳತಿ ತಗೋತೀನಿ."

"ಗಂಡಸರ ಅಂಗಿ ಹೊಲಿಯಂಗಿಲ್ಲ ಅಂದಿದ್ರಿ."

"ನಿಮ್ಮ ತೋಳು ನೋಡಿ ನೋಡಿ ತಲಿ ಕೆಟ್ಟೈತಿ. ಬರ್ರೀ."

ಲಾಲಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಖಾಲಿ ಗೂಟದ ಕೆಳಗೆ ಸ್ಟೂಲಿನ ಪಕ್ಕ ನಿಂತು, ಶಾಲೆಯ ಹುಡುಗನ ಹಾಗೆ ಒಂದು ಕೈ ಚಾಚಿದ. ಭುಜದಿಂದ ಮಣಿಕಟ್ಟಿನವರೆಗೆ ಅವಳು ಟೇಪು ಹಿಡಿದಳು. ಸಾವಿರಾರು ಅಳತೆ ತೆಗೆದವಳು ಇವತ್ತು ಒಂದೇ ತೋಳನ್ನು ಎರಡು ಸಲ ಅಳೆದಳು.

"ಇದು ಗೂಟಕ್ಕ ಹಾಕೋ ಅಂಗಿ ಅಲ್ಲ," ಎಂದಳು ಮಹೇಶ್ವರಿ, ಟೇಪಿನ ಅಂಕಿಯ ಮೇಲಿಂದ ಕಣ್ಣು ತೆಗೆಯದೆ. "ಹಾಕ್ಕೊಂಡು ಅಡ್ಡಾಡಬೇಕು. ಹೊಲಸು ಮಾಡಬೇಕು. ಅಂದ್ರ ಒಗೀಬೋದು."

"ಒಗಿಯೂದು ನಂಗ ಬರ್ತೈತಿ," ಎಂದ ಅವನು. "ಯಾವಾಗ ಕೊಡ್ತೀರಿ, ಮಹೇಶ್ವರಿ?"

ತನ್ನ ಹೆಸರು ಇಷ್ಟು ಮೆತ್ತಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಆಯ್ತವಾರ."

"ಯಾವ ಆಯ್ತವಾರ?"

"ನಾಳೆ."

ನಾಳೆ ಹಟ್ಟಿಯಲ್ಲಿ ಅವನ ದಾರಿ ಕಾಯುವವರಿದ್ದರು.

"ಹಂಗಾದ್ರ ಈಗ ಅಕ್ಕಗ ಫೋನ್ ಮಾಡಬೇಕು. ಆ ಹೆಣ್ಣಿನ ಮನಿಯವ್ರು ಸುಮ್ನ ಕಾಯಬಾರದು," ಎಂದ. "ಏನಂತ ಹೇಳ್ಲಿ?"

ಮಹೇಶ್ವರಿ ಅಳತೆಯ ಪುಸ್ತಕದಲ್ಲಿ ಹೊಸ ಹಾಳೆ ತಿರುವಿ ಅವನ ಹೆಸರು ಬರೆದಳು. ಕೆಳಗೆ ತೋಳಿನ ಅಂಕಿ ಬರೆದಳು. ಮುಖ ಕೆಂಪಾಗಿದ್ದುದರಿಂದ ತಲೆ ಎತ್ತಲಿಲ್ಲ.

"ತಮ್ಮ ಹೊರಗ ಹೋಗಿಲ್ಲ, ಒಳಗ ಅದಾನ ಅಂತ ಹೇಳ್ರೀ."

"ಅಷ್ಟ ಸಾಕೇನು?"

"ಸಾಕು. ಈಗ ಆ ಕೈ ಚಾಚ್ರೀ. ಇನ್ನೊಂದು ತೋಳು ಉಳದೈತಿ."